ಡರ್ಟ್ ಬೈಕ್ ಓಡಿಸೋರು ಎಂಥವರು ಅಂತ ಕೇಳಿದಿರಲ್ಲ

ಶೆಫೀಲ್ಡ್, ಇಂಗ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಕೈ ಕಾಲು ಎಲ್ಲ ನೆಟ್ಟಗಿವೆ. ಅಮ್ಮ ಮೊದಲು ಕೇಳುವುದು ಅದನ್ನೇ ಅಂತ ಗೊತ್ತು, ಅದಕ್ಕೇ ಮೊದಲೇ ಬರೆದೆ.

ಕೆಸರು ಮೆತ್ತಿದ ಡರ್ಟ್ ಬೈಕಿನ (ಟಾರಿಲ್ಲದ ಮಣ್ಣು, ಕಲ್ಲಿನ ದಾರಿಯಲ್ಲಿ ಓಡಿಸುವ ಬೈಕ್) ಪಕ್ಕ ನಾನು ನಿಂತಿರುವ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದ ಮೇಲೆ ಮನೆಯಲ್ಲಿ ಎಷ್ಟೆಲ್ಲ ಮಾತಾಯಿತು ಅಂತ ತಂಗಿ ಹೇಳಿದಳು. ದೊಡ್ಡಮ್ಮ 'ಇದೇನು, ವೀಲಿಂಗ್ ಮಾಡೋ ಪುಂಡರ ಸಹವಾಸ' ಅಂದರಂತೆ. ಮಾವ 'ಅಷ್ಟು ಓದಿಸಿ ಕಳಿಸಿದ್ದು ಇದಕ್ಕಾ' ಅಂದರಂತೆ. ಅಪ್ಪ ಮಾತೇ ಆಡಲಿಲ್ಲವಂತೆ. ಅಪ್ಪ ಸುಮ್ಮನಿದ್ದದ್ದೇ ನನಗೆ ಜಾಸ್ತಿ ತಾಗಿತು. ಫೋನಿನಲ್ಲಿ ಶುರು ಮಾಡಿದರೆ ಮಾತು ಅರ್ಧಕ್ಕೇ ಬೇರೆ ಕಡೆ ತಿರುಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ದೊಡ್ಡಮ್ಮ ಹೇಳಿದ್ದನ್ನೇ ಇಲ್ಲಿಯ ಜನವೂ ಹೇಳುತ್ತಾರೆ. ಎಕ್ಸ್‌ರೇ ವಿಭಾಗದಲ್ಲಿ ನನ್ನ ಜೊತೆ ಕೆಲಸ ಮಾಡುವವಳೊಬ್ಬಳಿದ್ದಾಳೆ. ನಾನು ಈ ಊರಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಹುಡುಕಿಕೊಟ್ಟವಳು ಅವಳೇ. ರಜೆಯ ದಿನ ಏನು ಮಾಡ್ತೀಯ ಅಂತ ಕೇಳಿದಳು. ಡರ್ಟ್ ಬೈಕ್ ಓಡಿಸುತ್ತೇನೆ ಅಂದೆ. ಅವಳ ಮುಖ ತಟ್ಟನೆ ಬದಲಾಯಿತು. ಸ್ವಲ್ಪ ಹೊತ್ತಾದ ಮೇಲೆ ಕಾರಣ ಹೇಳಿದಳು. ಅವಳ ಮನೆ ಹಿಂದೆ ಮಕ್ಕಳು ಆಡುವ ಹುಲ್ಲಿನ ಮೈದಾನವಿದೆ. ಸಂಜೆಯಾದರೆ ಸಾಕು, ಮಂಕಿ ಕ್ಯಾಪಿನಲ್ಲಿ ಮುಖ ಪೂರ್ತಿ ಮುಚ್ಚಿಕೊಂಡ ಹುಡುಗರು ಬೈಕ್ ತರುತ್ತಾರೆ. ನಂಬರ್ ಪ್ಲೇಟ್ ಇಲ್ಲ, ಲೈಟ್ ಇಲ್ಲ, ಇನ್ಶೂರೆನ್ಸ್ ಅಂತೂ ಇಲ್ಲವೇ ಇಲ್ಲ. ಹುಲ್ಲೆಲ್ಲ ಕಿತ್ತು ಮಣ್ಣು ಮಾಡಿದ್ದಾರೆ. ಒಂದು ದಿನ ಅವಳ ಮಗಳ ಪಕ್ಕದಲ್ಲೇ ಒಬ್ಬ ಹಾದುಹೋದನಂತೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಈಗ ಆ ಮಗು ಬೈಕಿನ ಸದ್ದು ಕೇಳಿದರೆ ಮನೆಯೊಳಗೆ ಓಡುತ್ತದೆ. ಇಷ್ಟು ಕೇಳಿದ ಮೇಲೆ 'ನಾವು ಅಂಥವರಲ್ಲ' ಅಂತ ವಾದ ಮಾಡಲು ನನಗೆ ಬಾಯಿ ಬರಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದು. ಆ ಮಗುವಿನ ಕಣ್ಣಿಗೆ ನನ್ನ ಬೈಕೂ ಒಂದೇ, ಆ ಹುಡುಗರ ಬೈಕೂ ಒಂದೇ.

ಪೇಪರಿನಲ್ಲೂ ಹಾಗೇ. 'ಆಫ್ ರೋಡ್ ಬೈಕಿನವರ ಕಾಟ' ಅಂತ ಸುದ್ದಿ ಬರುತ್ತದೆ. ಕದ್ದ ಬೈಕಿನಲ್ಲಿ ಫುಟ್‌ಪಾತ್ ಮೇಲೆ ನುಗ್ಗುವವನೂ, ಪ್ಲೇಟ್ ಹಾಕಿ ಟ್ಯಾಕ್ಸ್ ಕಟ್ಟಿ ಹಳ್ಳಿ ದಾರಿಯಲ್ಲಿ ಹೋಗುವವನೂ ಓದುವವರಿಗೆ ಒಬ್ಬನೇ ಆಗಿಬಿಡುತ್ತಾನೆ. ಇಲ್ಲಿ 2002ರ ಪೊಲೀಸ್ ಸುಧಾರಣೆ ಕಾಯ್ದೆ ಅಂತ ಒಂದಿದೆ. ಅದರ 59ನೇ ಸೆಕ್ಷನ್ ಪ್ರಕಾರ ಜನರಿಗೆ ತೊಂದರೆ ಕೊಡುವ ಗಾಡಿಯನ್ನು ಪೊಲೀಸರು ಹಿಡಿದುಕೊಂಡು ಹೋಗಬಹುದು. ಹಾಗೆ ಹಿಡಿದ ಎಷ್ಟೋ ಬೈಕುಗಳನ್ನು ಯಂತ್ರಕ್ಕೆ ಕೊಟ್ಟು ನುಜ್ಜುಗುಜ್ಜು ಮಾಡುತ್ತಾರೆ. ಮಾಡಲಿ, ನನಗೇನೂ ಬೇಜಾರಿಲ್ಲ. ಇನ್ನೊಂದು ವಿಷಯ ದೊಡ್ಡಮ್ಮನಿಗೆ ಹೇಳಿ. ಆ ಹುಡುಗರನ್ನು ಹಿಡಿಯುವ ಸೌತ್ ಯಾರ್ಕ್‌ಶೈರ್ ಪೊಲೀಸರ ಒಂದು ತಂಡ ಓಡಿಸುವುದೂ ಇಂಥದೇ ಬೈಕನ್ನ.

ಈಗ ನಾವು ಏನು ಮಾಡುತ್ತೇವೆ ಅಂತ ಹೇಳುತ್ತೇನೆ.

ಶೆಫೀಲ್ಡಿನ ಪಶ್ಚಿಮಕ್ಕೆ ಪೀಕ್ ಡಿಸ್ಟ್ರಿಕ್ಟ್ ಇದೆ. 1951ರಲ್ಲಿ ಆದದ್ದು, ಈ ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ಗುಡ್ಡ, ಬಯಲು, ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು. ಅವುಗಳ ನಡುವೆ ಟಾರು ಕಾಣದ ಹಳೇ ದಾರಿಗಳಿವೆ. ಹಿಂದೆ ಕುದುರೆಗಳ ಬೆನ್ನ ಮೇಲೆ ಉಪ್ಪು, ಸೀಸ ಎಲ್ಲ ಹೇರಿಕೊಂಡು ಹೋಗುತ್ತಿದ್ದ ದಾರಿಗಳು. ಅವುಗಳಲ್ಲಿ ಕೆಲವಕ್ಕೆ ಮಾತ್ರ ಇವತ್ತಿಗೂ ಮೋಟಾರು ಗಾಡಿ ಹೋಗುವ ಹಕ್ಕಿದೆ. ಇಂಗ್ಲೆಂಡಿನಲ್ಲಿ ನಡೆಯುವವರಿಗೆ, ಕುದುರೆಯವರಿಗೆ, ಸೈಕಲ್‌ನವರಿಗೆ ಅಂತ ಇರುವ ಸಾರ್ವಜನಿಕ ಕಾಲುದಾರಿಗಳ ಒಟ್ಟು ಉದ್ದದಲ್ಲಿ ಎಲ್ಲ ಗಾಡಿಗಳಿಗೂ ತೆರೆದದ್ದು ನೂರಕ್ಕೆ ಎರಡರಷ್ಟು. 2006ರಲ್ಲಿ ಬಂದ ಒಂದು ಕಾಯ್ದೆಯಿಂದ ಎಷ್ಟೋ ದಾರಿಗಳಲ್ಲಿ ಆ ಹಕ್ಕು ಹೋಯಿತು. ಉಳಿದದ್ದು ಎಲ್ಲೆಲ್ಲಿ ಅಂತ ನಕ್ಷೆ ನೋಡಿಕೊಂಡೇ ಹೊರಡಬೇಕು. ನಮ್ಮ ಬೈಕುಗಳಿಗೆ ಪ್ಲೇಟ್ ಇದೆ, ಇನ್ಶೂರೆನ್ಸ್ ಇದೆ, ವರ್ಷಕ್ಕೊಮ್ಮೆ ನಮ್ಮ ಎಫ್‌ಸಿ ಥರ ತಪಾಸಣೆ ಇದೆ.

ಟ್ರೇಲ್ ರೈಡರ್ಸ್ ಫೆಲೋಶಿಪ್ ಅಂತ 1970ರಿಂದ ಇರುವ ಸಂಘವಿದೆ. ಅವರ ನಿಯಮ ಕೇಳಿದರೆ ಅಮ್ಮನಿಗೂ ಸಮಾಧಾನ ಆಗಬಹುದು. ಗುಂಪಿನಲ್ಲಿ ಆರು ಜನಕ್ಕಿಂತ ಜಾಸ್ತಿ ಇರಬಾರದು. ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರ್ ದಾಟಬಾರದು. ನಡೆಯುವವರಿಗೆ ದಾರಿ ಬಿಡಬೇಕು. ಕುದುರೆ ಬಂದರೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ನಮ್ಮ ಗುಂಪಿನಲ್ಲಿ ರಿಟೈರ್ ಆದ ಪೋಸ್ಟ್‌ಮನ್ ಇದ್ದಾರೆ, ಒಬ್ಬ ಎಲೆಕ್ಟ್ರಿಷಿಯನ್, ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಟೀಚರ್ ಒಬ್ಬರು. ಮಧ್ಯಾಹ್ನ ಗೋಡೆಗೆ ಒರಗಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾ ಅವರು ಮಾತಾಡುವುದು ಮೊಣಕಾಲು ನೋವಿನ ವಿಷಯ, ಮೊಮ್ಮಕ್ಕಳ ವಿಷಯ.

ಕುದುರೆಯ ಮಾತು ಬಂತಲ್ಲ, ಒಂದು ದಿನದ್ದು ಬರೆಯಬೇಕು. ಬೇಕ್‌ವೆಲ್ ಕಡೆ ಒಂದು ಇಕ್ಕಟ್ಟಿನ ದಾರಿ. ಎರಡೂ ಬದಿ ಗೋಡೆ, ನಡುವೆ ಒಂದು ಗಾಡಿ ಹಿಡಿಸುವಷ್ಟು ಜಾಗ. ಮುಂದೆ ಹೋಗುತ್ತಿದ್ದ ಪೋಸ್ಟ್‌ಮನ್ ಕೈ ಎತ್ತಿದರು. ತಿರುವಿನಲ್ಲಿ ಕಂದು ಕುದುರೆ, ಮೇಲೆ ಸುಮಾರು ಅಮ್ಮನ ವಯಸ್ಸಿನ ಹೆಂಗಸು. ಎಲ್ಲರೂ ಎಂಜಿನ್ ಆಫ್ ಮಾಡಿದೆವು. ಬೈಕ್ ಗೋಡೆಗೆ ಒತ್ತಿ ನಿಂತೆವು. ಕುದುರೆಯ ಕಿವಿ ಎರಡೂ ನಮ್ಮ ಕಡೆಗೇ ತಿರುಗಿದ್ದವು. ಮೂಗಿನ ಹೊಳ್ಳೆ ಅರಳಿತ್ತು. ಕುತ್ತಿಗೆ ಬೆವತಿತ್ತು. ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿತ್ತು. ಪೋಸ್ಟ್‌ಮನ್ ಕನ್ನಡಕ ಮೇಲೆತ್ತಿ ಜೋರಾಗಿ, ನಿಧಾನವಾಗಿ ಗುಡ್ ಮಾರ್ನಿಂಗ್ ಅಂದರು. ಆ ಹೆಲ್ಮೆಟ್ಟಿನ ಒಳಗೆ ಇರುವುದು ಮನುಷ್ಯ ಅಂತ ಕುದುರೆಗೆ ತಿಳಿಯಲಿ ಅಂತ ಹಾಗೆ ಮಾತಾಡಿಸುತ್ತಾರಂತೆ. ದನಿ ಕೇಳಿದ ಮೇಲೆ ಅದರ ಒಂದು ಕಿವಿ ಹಿಂದಕ್ಕೆ, ಆ ಹೆಂಗಸಿನ ಕಡೆ ಹೋಯಿತು. ಆಮೇಲೆ ನಡೆಯಿತು. ನನ್ನ ಹ್ಯಾಂಡಲ್‌ಗೂ ಅದರ ಹೊಟ್ಟೆಗೂ ಒಂದು ಮೊಳ ಇತ್ತೇನೋ.

ದಾಟಿದ ಮೇಲೆ ಆಕೆ 'ಥ್ಯಾಂಕ್ಯೂ ಬಾಯ್ಸ್' ಅಂದರು. ನಾನು ಉತ್ತರ ಕೊಟ್ಟೆ. ಹೆಣ್ಣು ದನಿ ಕೇಳಿ ಕುದುರೆ ನಿಲ್ಲಿಸಿದರು. ಹಾಗೇ ಮಾತಿಗೆ ಸಿಕ್ಕರು. ಹಿಂದೊಮ್ಮೆ ಇಂಥದೇ ದಾರಿಯಲ್ಲಿ ಬೈಕಿನವರು ನಿಲ್ಲಿಸದೇ ಹೋದರಂತೆ. ಕುದುರೆ ಬೆದರಿ ಆಕೆ ಕೆಳಗೆ ಬಿದ್ದು ಮಣಿಕಟ್ಟು ಮುರಿಯಿತಂತೆ. 'ದೂರದಲ್ಲಿ ಎಂಜಿನ್ ಸದ್ದು ಕೇಳಿದರೆ ಈಗಲೂ ಹೊಟ್ಟೆ ಹಿಂಡುತ್ತದೆ' ಅಂದರು. ಅಂಥ ಮಣಿಕಟ್ಟುಗಳ ಎಕ್ಸ್‌ರೇ ತೆಗೆಯುವುದೇ ನನ್ನ ಕೆಲಸ. ಆ ನೋವು ಎಂಥದು ಅಂತ ನನಗೆ ಗೊತ್ತು. ಆಕೆ ನಮ್ಮನ್ನು ಮೆಚ್ಚಿದರು ಅಂತ ನಾನು ಬರೆಯುವುದಿಲ್ಲ. ಹೋಗುವಾಗ ಆಕೆ ಹೇಳಿದ್ದು ಇಷ್ಟೇ, 'ನೀವು ನಿಲ್ಲಿಸಿದಿರಿ'.

ಎಲ್ಲರೂ ಹೀಗೆ ಮಾತಾಡುವುದಿಲ್ಲ. ಕೆಲವರು ನಾವು ಗೇಟು ತೆಗೆದು ಹಿಡಿದರೂ ಮುಖ ತಿರುಗಿಸಿ ಹೋಗುತ್ತಾರೆ. ದಾರಿಗೆ ಅಡ್ಡ ನಿಂತು, ಇಲ್ಲಿ ಬೈಕ್ ಬರೋ ಹಾಗಿಲ್ಲ ಅಂತ ಗದರಿಸಿದವರೂ ಇದ್ದಾರೆ. ನಕ್ಷೆ ತೋರಿಸಿದರೂ ನಂಬಲಿಲ್ಲ. ಹೆಲ್ಮೆಟ್, ಕನ್ನಡಕ, ಎದೆಗೆ ಕವಚ, ಮೊಣಕಾಲಿಗೆ ಪಟ್ಟಿ ಎಲ್ಲ ಹಾಕಿಕೊಂಡವರನ್ನು ನೋಡಿದರೆ ಯಾರಿಗಾದರೂ ದೂರ ಸರಿಯೋಣ ಅನ್ನಿಸುತ್ತದೆ. ಆದರೆ ಅಮ್ಮಾ, ಅದೆಲ್ಲ ಹಾಕಿಕೊಳ್ಳುವುದು ನೀನು ಹೆದರುತ್ತೀಯಲ್ಲ, ಅದೇ ಕಾರಣಕ್ಕೆ. ಕಾಲರ್ ಬೋನ್ ಮುರಿದುಕೊಂಡು ಬಂದವರನ್ನು ನೋಡಿದವಳು ನಾನು. ಕವಚ ಇಲ್ಲದೆ ಬೈಕ್ ಹತ್ತುವುದಿಲ್ಲ.

ನಮ್ಮನ್ನು ಬೇಡ ಅನ್ನುವವರ ಮಾತಿನಲ್ಲಿ ಹುರುಳಿದೆ. ಸ್ಟ್ಯಾನೇಜ್ ಬಂಡೆಸಾಲಿನ ಹತ್ತಿರ ಲಾಂಗ್ ಕಾಸ್‌ವೇ ಅಂತ ಹಳೆಯ ದಾರಿ. 2013ರಲ್ಲಿ ಅಲ್ಲಿಗೆ ಮೋಟಾರು ಗಾಡಿ ನಿಷೇಧಿಸಿದರು. ಮರುವರ್ಷ ಚಾಪೆಲ್ ಗೇಟ್ ದಾರಿಯನ್ನೂ ಮುಚ್ಚಿದರು. ಮಳೆನೀರು ಚಕ್ರದ ಗುರುತಿನಲ್ಲೇ ಹರಿದು ದಾರಿ ಕೊರೆದುಹೋಗುತ್ತದೆ. ಕಲ್ಲು ಮೇಲೇಳುತ್ತದೆ. ನಡೆಯುವವರು ಅಂಚಿಗೆ ಹೋಗುತ್ತಾರೆ, ಅಂಚೂ ಕುಸಿಯುತ್ತದೆ. ಇದಕ್ಕೆ ಮಳೆಯೂ ಕಾರಣ, ಸರಿಯಾಗಿ ಚರಂಡಿ ಇಲ್ಲದಿರುವುದೂ ಕಾರಣ, ನಮ್ಮ ಚಕ್ರವೂ ಕಾರಣ. ಇನ್ನು ಕರ್ಲ್ಯೂ ಅಂತ ಉದ್ದ ಬಾಗಿದ ಕೊಕ್ಕಿನ ಹಕ್ಕಿ ಇದೆ. ನೆಲದ ಮೇಲೇ ಗೂಡು ಕಟ್ಟುತ್ತದೆ. ಕಮ್ಮಿಯಾಗುತ್ತಾ ಬಂದು 2015ರಲ್ಲಿ ಇಲ್ಲಿಯ ಅಪಾಯದ ಪಟ್ಟಿಗೆ ಸೇರಿತು. ವಸಂತದಲ್ಲಿ ಆ ಬಯಲಿನಲ್ಲಿ ದಾರಿ ಬಿಟ್ಟು ಬೈಕ್ ಇಳಿಸುವವರನ್ನು ನಾನು ನನ್ನ ಜೊತೆಯವರು ಅಂತ ಒಪ್ಪುವುದಿಲ್ಲ. ಮುಚ್ಚಿದ ದಾರಿಗೆ ಕದ್ದು ನುಗ್ಗುವ, ಹಕ್ಕಿದೆ ಅಂತ ಸೈಲೆನ್ಸರ್ ಕಿತ್ತು ಊರು ನಡುಗಿಸುವ ಹವ್ಯಾಸಿಗಳೂ ಇದ್ದಾರೆ. ಮಂಕಿ ಕ್ಯಾಪಿನ ಹುಡುಗರಿಗಿಂತ ನನಗೆ ಇವರ ಮೇಲೆ ಸಿಟ್ಟು ಜಾಸ್ತಿ. ಆ ಹುಡುಗರಿಗೆ ಬೈಕ್ ಓಡಿಸಲು ಒಂದು ಜಾಗವೂ ಇಲ್ಲ, ಹೇಳಿಕೊಡುವವರೂ ಇಲ್ಲ. ಇವರಿಗೆ ಎಲ್ಲ ಇದೆ, ತಿಳಿವಳಿಕೆಯೂ ಇದೆ.

ಆಗ ಹೇಳಿದ ಟ್ರೇಲ್ ರೈಡರ್ಸ್ ಸಂಘದವರು ಡಾರ್ಸೆಟ್ ಜಿಲ್ಲೆಯ ಐದು ದಾರಿಗಳಿಗಾಗಿ ಸುಪ್ರೀಂ ಕೋರ್ಟ್‌ವರೆಗೂ ಹೋದರು. ಆ ದಾರಿಗಳಲ್ಲಿ ಗಾಡಿ ಹೋಗುವ ಹಕ್ಕು ಕೇಳಿದ ಅರ್ಜಿಯ ಜೊತೆ ಕೊಟ್ಟ ನಕ್ಷೆಯ ಅಳತೆ ಸರಿಯಿದೆಯೋ ಇಲ್ಲವೋ ಅಂತ ಕೇಸು. 2015ರಲ್ಲಿ ಗೆದ್ದರು. ಹಠ ಅನ್ನುವವರು ಅನ್ನಲಿ. ಕದ್ದು ಓಡಿಸುವವನು ಕೋರ್ಟಿಗೆ ಹೋಗುವುದಿಲ್ಲ, ಅಲ್ವಾ? ಕೆಲವು ಭಾನುವಾರ ನಮ್ಮವರು ಬೈಕ್ ಬಿಟ್ಟು ಸಲಿಕೆ ಹಿಡಿದು ಹೋಗುತ್ತಾರೆ. ದಾರಿಗೆ ಅಡ್ಡ ಕಾಲುವೆ ತೋಡಿ ನೀರು ಪಕ್ಕಕ್ಕೆ ಹೋಗುವಂತೆ ಮಾಡುತ್ತಾರೆ. ನಾನೂ ಹೋಗುತ್ತೇನೆ. ಬೆನ್ನು ಮುರಿಯುವ ಕೆಲಸ. ಸಲಿಕೆ ಹಿಡಿದ ದಿನ ಸದ್ದಿರುವುದಿಲ್ಲ, ಅದಕ್ಕೇ ನಮ್ಮನ್ನು ಯಾರೂ ಗಮನಿಸುವುದಿಲ್ಲ.

ಅಪ್ಪ, ಸದ್ದಿನ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೈಸೂರಿನ ಯಾದವಗಿರಿಯ ಬೈಕ್ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಜಾವಾ, ಯೆಜ್ಡಿ ಎಂಜಿನ್ನುಗಳ ನಡುವೆಯೇ ಇದ್ದವರು ನೀವು. ನೀವು ಸಂಜೆ ಬರುವಾಗ ಬೀದಿ ತುದಿಯಲ್ಲೇ ಯೆಜ್ಡಿ ಸದ್ದು ಕೇಳುತ್ತಿತ್ತು. ಪಕ್ಕದ ಮನೆಯ ಅಜ್ಜಿ 'ನಿಮ್ಮಪ್ಪ ಬಂದರು ನೋಡು' ಅನ್ನುತ್ತಿದ್ದರು. ಆ ಸದ್ದಿಗೆ ಯಾರೂ ಪುಂಡರು ಅನ್ನಲಿಲ್ಲ, ಅದು ಯಾರ ಸದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಇಲ್ಲಿ ನಮ್ಮ ಪರಿಚಯ ಯಾರಿಗೂ ಇಲ್ಲ. ಜಾವಾದ ಜೊತೆಯದೇ ಆದ ಚೆಕ್ ಕಂಪನಿ ಸೀಝೆಡ್ ಬೈಕಿನಲ್ಲಿ ಜೋಯೆಲ್ ರೋಬೆರ್ 1964ರಲ್ಲಿ 250 ಸಿಸಿ ಮೋಟೋಕ್ರಾಸ್‌ನಲ್ಲಿ (ಮಣ್ಣಿನ ಟ್ರ್ಯಾಕಿನ ಬೈಕ್ ರೇಸ್) ವಿಶ್ವ ಚಾಂಪಿಯನ್ ಆದರು ಅಂತ ನನಗೆ ಹೇಳಿದವರೂ ನೀವೇ. ನನ್ನ ಗುಂಪಿನಲ್ಲಿ ಇಬ್ಬರು ಇನ್ನೂ ಟೂ ಸ್ಟ್ರೋಕ್ ಓಡಿಸುತ್ತಾರೆ. ಬೆಳಗಿನ ಚಳಿಯಲ್ಲಿ ಅದು ಸ್ಟಾರ್ಟ್ ಆದಾಗ ಬರುವ ಆಯಿಲ್ ವಾಸನೆಗೆ ನಿಮ್ಮ ಖಾಕಿ ಅಂಗಿ ನೆನಪಾಗುತ್ತದೆ.

ಮಾವನಿಗೂ ಒಂದು ಮಾತು. ಈ ಆಟ ಪರದೇಶದ ಹುಚ್ಚು ಅಂದುಕೊಂಡಿದ್ದಾರೆ. ಹುಟ್ಟಿದ್ದು ಇಲ್ಲೇ, ನಿಜ. 1924ರ ಮಾರ್ಚ್‌ನಲ್ಲಿ ಸರ್ರೆಯ ಕ್ಯಾಂಬರ್ಲಿ ಹತ್ತಿರ ನಡೆದದ್ದನ್ನೇ ಮೊದಲ ಸ್ಕ್ರ್ಯಾಂಬಲ್, ಅಂದರೆ ಮಣ್ಣು ಗುಡ್ಡಗಳ ಮೇಲಿನ ಬೈಕ್ ರೇಸ್, ಅನ್ನುತ್ತಾರೆ. ಆದರೆ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಮರಳುಗಾಡಿನಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿ ಮುಗಿಸಿ 36ನೆಯವರಾದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರು. ಬಿಗ್ ಬಾಸ್‌ನಲ್ಲಿ ಅಮ್ಮ ಮೆಚ್ಚಿಕೊಂಡು ನೋಡುತ್ತಿದ್ದಳಲ್ಲ, ಅದೇ ಅರವಿಂದ್. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲೇ ಬಾಹಾಸ್ ಅನ್ನುವ ದೂರದ ಆಫ್ ರೋಡ್ ರೇಸುಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಮೋಟಾರ್‌ಸ್ಪೋರ್ಟ್‌ನಲ್ಲಿ ವಿಶ್ವ ಪ್ರಶಸ್ತಿ ತಂದ ಮೊದಲ ಭಾರತೀಯರು ಅವರು. ನಾನು ಅಂಥ ರೇಸಿನವಳಲ್ಲ, ಭಾನುವಾರ ಗುಡ್ಡಕ್ಕೆ ಹೋಗುವವಳು. ಆದರೂ ಅವರ ಹೆಸರು ಕೇಳಿದರೆ ಖುಷಿಯಾಗುತ್ತದೆ.

ನಮ್ಮ ಊರ ಕಡೆಯೂ ಬೇಜಾರಾಗುವುದಿದೆ. ಶೋಲಾ ಹುಲ್ಲುಗಾವಲಿನ ಮೇಲೆ ಯಾರೋ ಬೈಕ್ ಹತ್ತಿಸಿದ ವಿಡಿಯೋ ನೋಡಿ ಅಪ್ಪ ಬೈದಿದ್ದರಲ್ಲ, ಆ ಬೈಗುಳಕ್ಕೆ ನನ್ನದೂ ಸಹಿ ಇದೆ. ಆ ಹುಲ್ಲು ಒಮ್ಮೆ ಕಿತ್ತುಹೋದರೆ ಮುಂದಿನ ಮಳೆಗೆ ಮಣ್ಣೂ ಹೋಗುತ್ತದೆ.

ನಮ್ಮ ಪುಟ್ಟನೂ ಬೈಕ್ ಕೇಳುತ್ತಿದ್ದಾನೆ ಅಂತ ಅಮ್ಮ ಹೇಳಿದಳು. ನನ್ನ ಫೋಟೋ ನೋಡಿ ಅವನ ಆಸೆ ಇನ್ನೂ ಜಾಸ್ತಿ ಆಗಿರಬೇಕು. ಸುಮ್ನೆ ಬೇಡ ಅನ್ನಬೇಡಿ, ಬೇಡ ಅಂದರೆ ಸ್ನೇಹಿತರ ಬೈಕಿನಲ್ಲಿ ರಿಂಗ್ ರೋಡಿಗೆ ಹೋಗುತ್ತಾನೆ. ಕೋಲಾರದ ಹತ್ತಿರ ಸಂತೋಷ್ ಅವರದ್ದೇ ಬಿಗ್ ರಾಕ್ ಡರ್ಟ್‌ಪಾರ್ಕ್ ಇದೆ. ಅಲ್ಲಿ ಹೇಳಿಕೊಡುತ್ತಾರೆ. ಅಪ್ಪನೇ ಕರೆದುಕೊಂಡು ಹೋಗಲಿ. ಬೈಕ್ ಆಮೇಲೆ ನೋಡೋಣ, ಮೊದಲು ಒಳ್ಳೆ ಹೆಲ್ಮೆಟ್, ಬೂಟು, ಮೊಣಕಾಲಿನ ಕವಚ. ಅದರ ದುಡ್ಡು ನಾನು ಕಳಿಸುತ್ತೇನೆ. ಅವನ ಕಾಲಿನ ಅಳತೆ ತೆಗೆದು ಈ ವಾರದೊಳಗೆ ಕಳಿಸಿ, ಇಲ್ಲಿ ಸೇಲ್ ಮುಗಿಯುತ್ತದೆ.

ನಿಮ್ಮ ಮಗಳು