ಹೈಸ್ಕೂಲಿನಲ್ಲೇ ಕಾಲೇಜು ಕ್ರೆಡಿಟ್: ದುಡ್ಡು ಕಟ್ಟುವ ಮೊದಲು ಕೇಳಿ

ಮಾನ್ಯ ಸಂಪಾದಕರೇ,

ಅಮೆರಿಕದ ಹೈಸ್ಕೂಲ್ ಮಕ್ಕಳು ಅಲ್ಲಿಂದಲೇ ಕಾಲೇಜಿನ ಕ್ರೆಡಿಟ್ (ಡಿಗ್ರಿಯ ಲೆಕ್ಕಕ್ಕೆ ಸೇರುವ ಯೂನಿಟ್ಟು) ಗಳಿಸಬಹುದಂತೆ, ನಮ್ಮ ಹುಡುಗನನ್ನೂ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಪರೀಕ್ಷೆ) ಕೋಚಿಂಗಿಗೆ ಸೇರಿಸಿಬಿಡೋಣವಾ ಎಂದು ಬೆಂಗಳೂರಿನ ನೆಂಟರು ಈಚೆಗೆ ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಹುಡುಗ ಇನ್ನೂ ಒಂಬತ್ತನೇ ಕ್ಲಾಸು. ಕೋಚಿಂಗ್‌ನವರು ಆರು ವಿಷಯ ತಗೊಳ್ಳಿ ಅಂದಿದ್ದಾರಂತೆ. ನಾನು ತಿಪಟೂರಿನವಳು, ಈಗ ವಾಷಿಂಗ್ಟನ್ ರಾಜ್ಯದ ಬಾಥೆಲ್ ಎಂಬ ಊರಿನಲ್ಲಿದ್ದೇನೆ. ನನ್ನ ಮಗಳು ಹನ್ನೊಂದನೇ ಕ್ಲಾಸಿನಲ್ಲಿದ್ದುಕೊಂಡೇ ಕಾಲೇಜಿಗೂ ಹೋಗುತ್ತಿದ್ದಾಳೆ. ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ನಿಮ್ಮ ಪತ್ರಿಕೆಗೇ ಬರೆಯುವುದು ವಾಸಿ ಅನ್ನಿಸಿತು.

ಇಲ್ಲಿ ಹೈಸ್ಕೂಲ್ ಅಂದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸು. ನಮ್ಮ ಪಿಯುಸಿ ಅದರೊಳಗೇ ಬಂತು. ಕ್ರೆಡಿಟ್ ಗಳಿಸುವುದಕ್ಕೆ ಮುಖ್ಯವಾಗಿ ಎರಡು ದಾರಿ ಇವೆ. ಒಂದು ಎಪಿ. ಸ್ಕೂಲಿನಲ್ಲೇ ಪಾಠ, ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಒಂದೊಂದು ಪರೀಕ್ಷೆಗೆ ಸುಮಾರು 100 ಡಾಲರ್, ಹೊರದೇಶದಲ್ಲಿ ಬರೆದರೆ ಇನ್ನೂ ಜಾಸ್ತಿ. ಇನ್ನೊಂದು ದಾರಿಯಲ್ಲಿ ಮಕ್ಕಳು ಕಾಲೇಜಿಗೇ ಹೋಗಿ ಕಾಲೇಜಿನವರ ಜೊತೆ ಕೂತು ಓದುತ್ತಾರೆ. 1985ರಲ್ಲಿ ಮಿನೆಸೋಟ ರಾಜ್ಯ ಇದಕ್ಕೆ ಮೊದಲು ಕಾನೂನು ಮಾಡಿತು. ನಮ್ಮ ವಾಷಿಂಗ್ಟನ್ ರಾಜ್ಯದ್ದು 1990ರ ಕಾನೂನು, ಹೆಸರು ರನ್ನಿಂಗ್ ಸ್ಟಾರ್ಟ್. ಹನ್ನೊಂದು, ಹನ್ನೆರಡನೇ ಕ್ಲಾಸಿನವರು ಒಂದು ಕ್ವಾರ್ಟರಿಗೆ, ಅಂದರೆ ಸುಮಾರು ಮೂರು ತಿಂಗಳ ಅವಧಿಗೆ, 15 ಕ್ರೆಡಿಟ್‌ವರೆಗೆ ಬೋಧನಾ ಶುಲ್ಕವಿಲ್ಲದೆ ಓದಬಹುದು. ಪುಸ್ತಕ, ಬಸ್ಸು, ಸಣ್ಣಪುಟ್ಟ ಫೀಸು ಮಾತ್ರ ನಮ್ಮ ಜೇಬಿನಿಂದ. ಕಾಲೇಜಿನ 5 ಕ್ರೆಡಿಟ್‌ನ ಒಂದು ವಿಷಯ ಪಾಸಾದರೆ ಹೈಸ್ಕೂಲಿನಲ್ಲೂ 1 ಕ್ರೆಡಿಟ್ ಬರೆದುಕೊಳ್ಳುತ್ತಾರೆ. ಒಂದೇ ಓದು, ಎರಡು ಕಡೆ ಜಮಾ.

ಮಗಳು ಬೆಳಿಗ್ಗೆ ಹೈಸ್ಕೂಲಿನಲ್ಲಿ ವಯೊಲಿನ್ ಕ್ಲಾಸ್ ಮುಗಿಸಿ, ಬಸ್ಸು ಹಿಡಿದು ಕಮ್ಯುನಿಟಿ ಕಾಲೇಜಿಗೆ (ಸ್ಥಳೀಯ ಸರ್ಕಾರಿ ಕಾಲೇಜು) ಹೋಗುತ್ತಾಳೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವಳ ಜೊತೆಗಾರ ರಾತ್ರಿ ಪಾಳಿ ಮುಗಿಸಿ ನೇರ ಕ್ಲಾಸಿಗೆ ಬರುವ, ಇಬ್ಬರು ಮಕ್ಕಳ ತಂದೆ. ಬ್ಯೂರೆಟ್ ಹಿಡಿಯುವುದು ಇವಳು, ಲೆಕ್ಕ ಬರೆಯುವುದು ಅವರು. ಅವರ ಮಗುವಿಗೆ ಜ್ವರ ಬಂದ ದಿನ ಇವಳೇ ಎರಡೂ ಮಾಡಿದಳಂತೆ. ಹದಿನಾರು ವರ್ಷದವರ ಜೊತೆಯೇ ಕೂತು ಓದಿದ್ದರೆ ಈ ಪಾಠ ಸಿಗುತ್ತಿರಲಿಲ್ಲ. ಕ್ರೆಡಿಟ್‌ಗಿಂತ ಇದೇ ದೊಡ್ಡ ಲಾಭ ಅಂತ ನನಗನ್ನಿಸುತ್ತದೆ. ನಮ್ಮೆಜಮಾನ್ರು ಒಪ್ಪುವುದಿಲ್ಲ, ಅದು ಬೇರೆ ಮಾತು.

ಮಿಡ್‌ಟರ್ಮ್ ಆದ ಮೇಲೆ ಅಂಕ ಎಷ್ಟು ಬಂತು ಅಂತ ನಾನು ಕಾಲೇಜಿಗೆ ಫೋನ್ ಮಾಡಿದೆ. 'ಅವರು ನಮ್ಮ ವಿದ್ಯಾರ್ಥಿ, ಅವರ ಒಪ್ಪಿಗೆ ಇಲ್ಲದೆ ನಿಮಗೆ ಹೇಳುವ ಹಾಗಿಲ್ಲ' ಅಂದರು. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮಾರ್ಕ್ಸು ನನಗೇ ಹೇಳುವುದಿಲ್ಲ! ಫೆರ್ಪಾ ಎಂಬ ಕೇಂದ್ರದ ಕಾನೂನು ಇರುವುದೇ ಹಾಗೆ. ಹದಿನೆಂಟು ತುಂಬದಿದ್ದರೂ ಸರಿ, ಕಾಲೇಜಿಗೆ ಸೇರಿದ ಮೇಲೆ ಅಲ್ಲಿನ ದಾಖಲೆಯ ಹಕ್ಕು ಮಕ್ಕಳದ್ದು. ತಿಪಟೂರಿನಲ್ಲಿರುವ ಅಮ್ಮನ ಹತ್ತಿರ ಗೋಳು ಹೇಳಿಕೊಂಡರೆ, 'ಪುಕ್ಕಟೆ ಓದಿಸ್ತಾರಲ್ಲ, ಸುಮ್ನಿರು' ಅಂದರು.

ಇಲ್ಲಿನ ಕನ್ನಡದವರ ಮನೆಗಳಲ್ಲಿ ಇದಕ್ಕೆ ಇಷ್ಟು ಬೇಡಿಕೆ ಯಾಕೆ ಅನ್ನುವುದಕ್ಕೆ ಊರಿನಲ್ಲಿರುವವರಿಗೆ ಗೊತ್ತಿಲ್ಲದ ಕಾರಣ ಒಂದಿದೆ. ಅಪ್ಪ ಅಮ್ಮ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಬಂದು ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರುತ್ತಾರೆ. ಇಂಡಿಯಾದಲ್ಲಿ ಹುಟ್ಟಿದ ಮಕ್ಕಳು ಅವರ ಜೊತೆ ಎಚ್-4 ವೀಸಾದಲ್ಲಿರುತ್ತಾರೆ. ಇಪ್ಪತ್ತೊಂದು ತುಂಬಿದ ದಿನ ಆ ವೀಸಾ ಮುಗಿಯಿತು. ಸ್ಟೂಡೆಂಟ್ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ಹೊರಡಬೇಕು. ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಹಾಯಧನವೂ ಈ ಮಕ್ಕಳಿಗಿಲ್ಲ. ಹೈಸ್ಕೂಲ್ ಮುಗಿಯುವಷ್ಟರಲ್ಲಿ 90 ಕ್ರೆಡಿಟ್ ಕೈಯಲ್ಲಿದ್ದರೆ 180 ಕ್ರೆಡಿಟ್‌ನ ಡಿಗ್ರಿಯಲ್ಲಿ ಅರ್ಧ ಮುಗಿದ ಹಾಗೆ, ಇಪ್ಪತ್ತೊಂದಾಗುವ ಮೊದಲೇ ಪದವಿ ಸಿಗಬಹುದು ಅನ್ನುವ ಲೆಕ್ಕಾಚಾರ ಅದು. ಎಂಜಿನಿಯರಿಂಗ್ ಹಿಡಿದವರಿಗೆ ಈ ಲೆಕ್ಕ ಅಷ್ಟು ಸಲೀಸಾಗಿ ಕೂಡುವುದಿಲ್ಲ. ಒಂದು ವಿಷಯ ಮುಗಿಸದೆ ಮುಂದಿನದಕ್ಕೆ ಬಿಡುವುದಿಲ್ಲವಾದ್ದರಿಂದ ಕ್ರೆಡಿಟ್ ರಾಶಿ ಇದ್ದರೂ ಇನ್ನೂ ಮೂರು ವರ್ಷ ಹಿಡಿಯಬಹುದು.

ಬೆಂಗಳೂರಿನವರು ಈಗ ಕಟ್ಟಲು ಹೊರಟಿರುವುದು ಎಪಿ ಪರೀಕ್ಷೆಗೆ. ಆ ಅಂಕಕ್ಕೆ ಕ್ರೆಡಿಟ್ ಕೊಡುವುದು ಪರೀಕ್ಷೆ ನಡೆಸಿದವರಲ್ಲ, ಮುಂದೆ ಸೇರುವ ಕಾಲೇಜು. ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳು 3 ಬಂದರೂ ಆದಷ್ಟು ಕ್ರೆಡಿಟ್ ಕೊಡಬೇಕು ಅಂತ 2017ರ ಕಾನೂನಿದೆ. ಆದರೆ ಎಲ್ಲರೂ ಕನಸು ಕಾಣುವ ದೊಡ್ಡ ಹೆಸರಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಹಲವು ಅಷ್ಟು ಧಾರಾಳಿಗಳಲ್ಲ. ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ ಕೊಡುವುದಿಲ್ಲ. ಡಾರ್ಟ್‌ಮತ್ ಮೊದಲು ಕೊಡುತ್ತಿತ್ತು, ಆಮೇಲೆ ನಿಲ್ಲಿಸಿತು. ಎಪಿ ಓದಿದ್ದು ಅರ್ಜಿಯಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಒಂದು ವರ್ಷದ ಫೀಸು ಉಳಿಯುತ್ತೆ ಅಂತ ಕೋಚಿಂಗ್‌ನವರು ಹೇಳಿದರೆ ಯಾವ ಕಾಲೇಜಿನಲ್ಲಿ, ಯಾವ ಅಂಕಕ್ಕೆ ಎಂದು ಕೇಳಿ. ಆಯಾ ಕಾಲೇಜಿನ ವೆಬ್‌ಸೈಟಿನಲ್ಲೇ ಪಟ್ಟಿ ಇರುತ್ತದೆ, ನೋಡುವುದಕ್ಕೆ ಹತ್ತು ನಿಮಿಷ ಸಾಕು.

ಹುಡುಗ ಕೊನೆಗೆ ಕರ್ನಾಟಕದಲ್ಲೇ ಓದುತ್ತೇನೆ ಅಂದರೆ? ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಎಪಿಗೆ ಅಲ್ಲಿ ಜಾಗವೇ ಇಲ್ಲ. ಪಿಯುಸಿ ಪಾಠ, ಸಿಇಟಿ ತಯಾರಿ, ಅದರ ಮೇಲೆ ಆರು ಎಪಿ. ಮಗು ನಿದ್ದೆ ಮಾಡುವುದು ಯಾವಾಗ ಹೇಳಿ. ಬರೆಸಲೇಬೇಕು ಅಂದರೆ ಅವನಿಗೆ ಇಷ್ಟವಾದ ಒಂದೆರಡು ವಿಷಯ ಬರೆಸಿ, ಅದೂ ಹನ್ನೊಂದನೇ ಕ್ಲಾಸಿಗೆ ಬಂದ ಮೇಲೆ.

ಕಾಲೇಜಿಗೇ ಹೋಗಿ ಓದುವ ದಾರಿಯಲ್ಲೂ ಅಪಾಯ ಇದೆ. ಎಪಿಯಲ್ಲಿ ಅಂಕ ಕಮ್ಮಿ ಬಂದರೆ ಕಾಲೇಜಿಗೆ ಕಳಿಸದೆ ಇರಬಹುದು. ಈ ದಾರಿಯಲ್ಲಿ ಹಾಗಲ್ಲ, ಹದಿನಾರನೇ ವಯಸ್ಸಿನಲ್ಲಿ ಬಂದ ಸಿ ಗ್ರೇಡು ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ಉಳಿದುಬಿಡುತ್ತದೆ. ಮುಂದೆ ಮೆಡಿಕಲ್‌ಗೆ ಅರ್ಜಿ ಹಾಕುವಾಗ ಅದನ್ನೂ ತೋರಿಸಲೇಬೇಕು. ಇಲ್ಲಿನ ನಮ್ಮವರೂ ಇದನ್ನು ಮರೆತು, ಪಕ್ಕದ ಮನೆಯವರ ಮಗ 15 ಕ್ರೆಡಿಟ್ ತಗೊಂಡ ಅಂತ ತಮ್ಮ ಮಗಳಿಗೂ 15 ಹಾಕಿಸುತ್ತಾರೆ.

ಸಂಪಾದಕರಲ್ಲಿ ಒಂದು ಕೋರಿಕೆ. ವಿದೇಶಿ ಕಾಲೇಜು, ಎಪಿ ಕೋಚಿಂಗ್ ಜಾಹೀರಾತುಗಳು ಪತ್ರಿಕೆಗಳಲ್ಲೂ ಬರುತ್ತವೆ. ನಿಮ್ಮ ಶಿಕ್ಷಣ ಪುಟದಲ್ಲಿ ಒಂದು ವಾರ, ಕರ್ನಾಟಕದ ಮಕ್ಕಳು ಹೆಚ್ಚಾಗಿ ಅರ್ಜಿ ಹಾಕುವ ಅಮೆರಿಕದ ಹತ್ತು ಕಾಲೇಜುಗಳಲ್ಲಿ ಯಾವುದು ಎಷ್ಟು ಅಂಕಕ್ಕೆ ಎಷ್ಟು ಕ್ರೆಡಿಟ್ ಕೊಡುತ್ತದೆ ಎಂದು ಕನ್ನಡದಲ್ಲಿ ಒಂದು ಪಟ್ಟಿ ಹಾಕಿಸಿ. ನೆಂಟರಿಗೆ ಆ ಪುಟವನ್ನೇ ಕಳಿಸುತ್ತೇನೆ.

— ಒಬ್ಬ ತಾಯಿ, ಬಾಥೆಲ್, ವಾಷಿಂಗ್ಟನ್ ರಾಜ್ಯ