ಜೀಯಸ್ ಯಾಕೆ ನಕ್ಕ: ಮಗಳಿಗೊಂದು ಪತ್ರ

ಪುಟ್ಟೀ,

ಮೊನ್ನೆ ಫೋನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡ್ಲಿಲ್ಲ. ಬಸ್ಸಲ್ಲಿದ್ದೆ, ಗಲಾಟೆ, ಏನೋ ಒಂದು ಹೇಳಿ ಇಟ್ಟುಬಿಟ್ಟೆ. "ಅಪ್ಪಾ, ಗ್ರೀಕ್ ಪುರಾಣದಲ್ಲಿ ಹರ್ಮೀಸ್ ದನ ಕದ್ದು ಮುಖದ ಮೇಲೆ ಸುಳ್ಳು ಹೇಳ್ತಾನೆ, ಅವನಪ್ಪ, ದೇವರುಗಳ ರಾಜ ಜೀಯಸ್ ಬಯ್ಯೋದು ಬಿಟ್ಟು ನಗ್ತಾನಲ್ಲ, ಯಾಕೆ? ಸೆಮಿನಾರಿಗೆ ಬೇಕು" ಅಂದ್ಯಲ್ಲ, ಆವತ್ತಿಂದ ಅದೇ ತಲೇಲಿ ಓಡ್ತಿದೆ. ನಿನ್ನ ಸೆಮಿನಾರಿಗೆ ಇದು ಎಷ್ಟು ಉಪಯೋಗಕ್ಕೆ ಬರುತ್ತೋ ಗೊತ್ತಿಲ್ಲ, ಆದ್ರೆ ನಿನಗೆ ಇದನ್ನ ಬರೀಲೇಬೇಕು ಅನ್ನಿಸ್ತು.

ಕಥೆ ನಿನಗೆ ಗೊತ್ತು. ಆದ್ರೂ ಆ ಹಳೇ ಗ್ರೀಕ್ ಸ್ತೋತ್ರನ ನಿಧಾನಕ್ಕೆ ಓದು ಮಗಳೇ, ಸುಮಾರು 580 ಸಾಲು ಅಷ್ಟೇ. ಗ್ರೀಸಿನ ಅರ್ಕೇಡಿಯಾದ ಕಿಲೀನಿ ಬೆಟ್ಟದ ಗುಹೆಯಲ್ಲಿ ಮೈಯಾ ಅನ್ನೋ ಅಪ್ಸರೆಗೆ ಮಗು ಹುಟ್ಟುತ್ತೆ, ಅವನೇ ಹರ್ಮೀಸ್. ಅಪ್ಪ ಜೀಯಸ್ಸೇ, ಆದ್ರೆ ಅವನು ಹೆಂಡತಿ ಹೀರಾ ಮಲಗಿದ ಮೇಲೆ ರಾತ್ರಿ ಹೊತ್ತು ಕದ್ದು ಬಂದು ಹೋಗ್ತಿದ್ದವನು. ಅಂದ್ರೆ ಈ ಮಗುಗೆ ದೇವರುಗಳು ಇರೋ ಒಲಿಂಪಸ್ಸಲ್ಲಿ ಜಾಗನೇ ಇಲ್ಲ. ಬೆಳಗ್ಗೆ ಹುಟ್ಟಿದವನು ತೊಟ್ಟಿಲಲ್ಲಿ ಇರಲಾರದೆ ಎದ್ದು ಬರ್ತಾನೆ, ಹೊಸ್ತಿಲ ಹತ್ರ ಒಂದು ಆಮೆ ಹುಲ್ಲು ಮೇಯ್ತಿರುತ್ತೆ. ಅದನ್ನ ಒಳಗೆ ತಂದು, ಕೊಂದು, ಮಾಂಸ ತೆಗೆದು, ಚಿಪ್ಪಿಗೆ ದನದ ಚರ್ಮ ಬಿಗಿದು, ಕುರಿ ಕರುಳಿನ ಏಳು ತಂತಿ ಕಟ್ಟಿ ಲೈರ್ ಅನ್ನೋ ತಂತಿವಾದ್ಯ ಮಾಡ್ತಾನೆ. ಮಾಡಿ ಮೊದಲನೇ ಹಾಡು ಏನು ಹಾಡ್ತಾನೆ ಗೊತ್ತಾ? ತನ್ನ ಅಪ್ಪ ಅಮ್ಮನ ಪ್ರೀತಿ, ತಾನು ಹುಟ್ಟಿದ ಕಥೆ. ನಾನೂ ಅವರ ಮಗನೇ ಅಂತ ಬೇರೆ ಯಾರೂ ಹೇಳೋರಿಲ್ಲ, ಅದಕ್ಕೆ ತಾನೇ ಹೇಳ್ಕೋತಾನೆ. ಈ ಜಾಗ ಓದಿದಾಗೆಲ್ಲ ನನಗೆ ಸಂಕಟ ಆಗುತ್ತೆ.

ಆಮೇಲೆ ಕಳ್ಳತನ. ಜೀಯಸ್ಸಿನ ಇನ್ನೊಬ್ಬ ಮಗ, ಅಣ್ಣ ಅಪೊಲೊ ಕಾಯೋ ಮಂದೆಯಿಂದ 50 ಹಸು ಬೇರೆ ಮಾಡಿ, ಹೆಜ್ಜೆ ಗುರುತು ಉಲ್ಟಾ ಬೀಳೋ ಹಾಗೆ ಹಿಂದೆ ಹಿಂದೆ ನಡೆಸ್ಕೊಂಡು ಹೋಗ್ತಾನೆ, ತನ್ನ ಕಾಲಿಗೆ ಸೊಪ್ಪು ಕಡ್ಡಿ ಹೆಣೆದ ಚಪ್ಪಲಿ ಕಟ್ಕೋತಾನೆ, ನೋಡಿದವರಿಗೆ ಅದು ಯಾವ ಪ್ರಾಣಿಯ ಹೆಜ್ಜೆ ಅಂತಲೇ ಗೊತ್ತಾಗಬಾರದು. ಎರಡು ಹಸು ಕಡಿದು ಬೇಯಿಸ್ತಾನೆ. ಮಾಂಸದ ಆಸೆಗೇ ಹೊರಟವನು, ಘಮ ಮೂಗಿಗೆ ಬಡೀತಿದೆ, ಆದ್ರೂ ಒಂದು ಚೂರೂ ಬಾಯಿಗೆ ಇಡಲ್ಲ! 12 ಪಾಲು ಮಾಡಿ ದೇವರುಗಳಿಗೆ ಇಡ್ತಾನೆ. ಮನಶ್ಶಾಸ್ತ್ರಜ್ಞ ಯೂಂಗ್ 1954ರಲ್ಲಿ ಈ ಥರದ ಕಿಲಾಡಿಗಳ ಬಗ್ಗೆ ಬರೆದದ್ದನ್ನ ಓದ್ತಿದೀನಿ ಅಂದ್ಯಲ್ಲ, ಅದರಲ್ಲಿ ಬರೋ ಅಮೆರಿಕದ ಮೂಲನಿವಾಸಿ ವಿನೆಬಾಗೊ ಜನರ ಕಿಲಾಡಿ ಹೊಟ್ಟೆಯ ಗುಲಾಮ, ಅವನ ಬಲಗೈ ಎಡಗೈಗಳೇ ಜಗಳ ಆಡ್ತಾವೆ. ಹರ್ಮೀಸ್ ಹಾಗಲ್ಲ. ಅವನಿಗಿರೋದು ಬೇರೆ ಹಸಿವು, ಪಾಲು ತಿನ್ನೋದಕ್ಕಿಂತ ಆ ಪಂಕ್ತಿಯಲ್ಲಿ ಕೂರೋ ಹಸಿವು.

ಯೂಂಗ್ ಇಂಥ ದೇವರನ್ನ ಇಡೀ ಸಮಾಜದ ನೆರಳು ಅಂತಾನೆ, ನಾವು ಒಳ್ಳೆಯವರು ಅನ್ನಿಸ್ಕೊಳ್ಳೋಕೆ ಒಳಗೆ ತುರುಕಿ ಮುಚ್ಚಿಟ್ಟಿದ್ದೆಲ್ಲ ಒಟ್ಟಾಗಿ ಒಂದು ರೂಪ ತಗೊಂಡು ಬರೋದು. ಮಾತು ಸರಿಯೇ. ಆದ್ರೆ ಗ್ರೀಕರ ಈ ಕಥೆಗೆ ಅಷ್ಟೇ ಸಾಲದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ರಾತ್ರಿ ಬೀಗದ ಕಿಂಡಿಯಿಂದ ಮಂಜಿನ ಥರ ಒಳಗೆ ನುಸುಳಿ ಬಂದ ಮಗನನ್ನ ಅಮ್ಮ ಬೈದಾಗ ಅವನು ಬಾಯಿಬಿಟ್ಟೇ ಹೇಳ್ತಾನೆ: ಈ ಕತ್ತಲೆ ಗುಹೆಯಲ್ಲಿ ಕೂತಿರೋದು ನಮಗೆ ಬೇಡಮ್ಮ, ಅಪೊಲೊಗೆ ಇರೋ ಮರ್ಯಾದೆನೇ ನನಗೂ ಬೇಕು, ಅಪ್ಪ ಕೊಡದಿದ್ರೆ ಕಳ್ಳರ ನಾಯಕನಾದ್ರೂ ಆಗ್ತೀನಿ. ಇದಕ್ಕಿಂತ ಸ್ಪಷ್ಟವಾಗಿ ಒಂದು ಮಗು ಇನ್ನೇನು ಹೇಳ್ಬೇಕು?

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಅಪೊಲೊ ಹಿಡ್ಕೊಂಡು ಹೋಗಿ ಅಪ್ಪನ ಮುಂದೆ ನಿಲ್ಲಿಸ್ತಾನೆ. ಮಗು ತೊಟ್ಟಿಲ ಬಟ್ಟೆ ತೋಳಿಗೆ ಸುತ್ಕೊಂಡು, ನಾನು ನಿನ್ನೆ ಹುಟ್ಟಿದವನು, ನನಗೆ ಸುಳ್ಳು ಹೇಳೋಕೇ ಬರಲ್ಲ, ಹಸುಗಳನ್ನ ನಾನು ಮನೆಗೆ ಹೊಡ್ಕೊಂಡು ಬಂದಿಲ್ಲ ಅಂತಾನೆ. ನೋಡು, ಆ ಕೊನೇ ಮಾತು ಅಕ್ಷರಶಃ ನಿಜ, ಮನೆಗೆ ತಂದಿಲ್ಲ, ಬೇರೆ ಕಡೆ ಬಚ್ಚಿಟ್ಟಿದಾನೆ. ಜೀಯಸ್ ಜೋರಾಗಿ ನಗ್ತಾನೆ. ಅವನು ಅಲ್ಲಿ ಸುಳ್ಳಿಗೆ ನಕ್ಕಿದ್ದಲ್ಲ ಪುಟ್ಟಿ, ಅಂದ್ರೆ ನನಗೆ ಕಾಣೋದು ಹಾಗೆ, ಅವನು ಮೊದಲ ಸಲ ಆ ಮಗನನ್ನ ನೋಡ್ದ, ಇವನು ನನ್ನವನೇ ಅಂತ ಗುರುತು ಹಿಡಿದ. ಹಾಗಂತ ಬಿಟ್ಟುಬಿಡಲ್ಲ, ಇಬ್ಬರೂ ಒಟ್ಟಿಗೆ ಹೋಗಿ ಹಸು ಹುಡುಕಿ, ಹರ್ಮೀಸೇ ಜಾಗ ತೋರಿಸ್ಲಿ ಅಂತ ಆಜ್ಞೆ ಮಾಡ್ತಾನೆ. ಅಲ್ಲಿ ಹರ್ಮೀಸ್ ಲೈರ್ ನುಡಿಸಿದಾಗ ಅಣ್ಣನ ಕೋಪ ಕರಗಿ ಹೋಗುತ್ತೆ, ಲೈರ್ ಅಣ್ಣನಿಗೆ, ಹಸು ಕಾಯೋ ಚಾಟಿ ತಮ್ಮನಿಗೆ.

   

ನಾನು ನಿಜವಾಗಿ ಹೇಳ್ಬೇಕಾಗಿರೋದು ಬೇರೆ. ನೀನು ಏಳನೇ ಕ್ಲಾಸಲ್ಲಿದ್ದಾಗ ಗಣಿತದ ಟೆಸ್ಟ್ ಪೇಪರ್ ಮೇಲೆ ನನ್ನ ಸೈನ್ ಹಾಕಿದ್ದೆ, 25ಕ್ಕೆ 9. ಆ ಸೈನ್ ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ, ಕೊನೇ ಅಕ್ಷರದ ಕೆಳಗೆ ನಾನು ಎಳೆಯೋ ಗೀಟು ಕೂಡ ಬಿಟ್ಟಿರ್ಲಿಲ್ಲ, ಎಷ್ಟು ಸಲ ಪ್ರಾಕ್ಟೀಸ್ ಮಾಡಿದ್ಯೋ. ನಾನು ನಾಲ್ಕು ದಿನ ನಿನ್ನ ಹತ್ರ ಮಾತಾಡ್ಲಿಲ್ಲ. ಸುಳ್ಳು ಹೇಳಿದಳು ಅನ್ನೋದೊಂದೇ ನನ್ನ ತಲೇಲಿದ್ದದ್ದು. ಆ ವರ್ಷ ಮನೇಲಿ ಮಾತು ಶುರುವಾದ್ರೆ ನಿನ್ನ ಅಣ್ಣನ ಮಾರ್ಕ್ಸು, ಅಣ್ಣನ ರ‍್ಯಾಂಕು, ನೆಂಟರು ಬಂದ್ರೂ ಅದೇ, ನೀನು ತಟ್ಟೆ ಹಿಡ್ಕೊಂಡು ಟಿವಿ ಮುಂದೆ ಹೋಗಿ ಕೂತ್ಕೋತಿದ್ದೆ. ಅದು ನನ್ನ ಕಣ್ಣಿಗೆ ಬೀಳ್ತಿತ್ತು, ಆದ್ರೆ ಯಾಕೆ ಅಂತ ಒಂದು ದಿನವೂ ಕೇಳ್ಲಿಲ್ಲ. ನೀನು ನನ್ನ ಸೈನ್ ಹಾಕಿದ್ದು ನನಗೆ ಮೋಸ ಮಾಡೋಕಲ್ಲ, ಆ ಒಂಬತ್ತನ್ನ ನನ್ನ ಮುಂದೆ ಹಿಡಿಯೋ ಧೈರ್ಯ ಈ ಮನೆ ನಿನಗೆ ಕೊಟ್ಟಿರ್ಲಿಲ್ಲ. ಆವತ್ತು ನಾನು ನಗಬೇಕಿತ್ತು ಅಂತ ಹೇಳ್ತಿಲ್ಲ. ಪಕ್ಕದಲ್ಲಿ ಕೂರಿಸ್ಕೊಂಡು ಆ ಪೇಪರ್ ಒಂದ್ಸಲ ಇಬ್ಬರೂ ನೋಡಬೇಕಿತ್ತು.

ಕ್ಷಮಿಸು ಮಗಳೇ. ಇದನ್ನ ಫೋನಲ್ಲಿ ಹೇಳೋಕೆ ನನಗೆ ಆಗ್ತಿರ್ಲಿಲ್ಲ.

ಶನಿವಾರ ಬರ್ತೀಯ ಅಂತ ಅಮ್ಮ ಕಾಯ್ತಿದಾಳೆ. ಬರುವಾಗ ಸೆಮಿನಾರಿಗೆ ಬರೆದಿದ್ದನ್ನ ತಗೊಂಡು ಬಾ, ಎಷ್ಟಾಗಿದ್ರೆ ಅಷ್ಟು, ಅರ್ಧ ಆಗಿದ್ರೂ ಪರವಾಗಿಲ್ಲ, ನನಗೆ ಓದಿ ಹೇಳು.

ನಿನ್ನ
ಅಪ್ಪ