ತಲೆಗೆ ಹತ್ತಲ್ಲ ಅಂತ ಬರೆದಿದ್ದೀಯಲ್ಲ

ಹಾಸನ
ಭಾನುವಾರ

ಚಿ. ಸಿಂಚನಾಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಒಪ್ಪಿಸಿರುತ್ತಾಳೆ, ಅದನ್ನು ಬಿಡ್ತೀನಿ. ಹಾಸ್ಟೆಲ್ ಊಟದ ಪುರಾಣವೆಲ್ಲ ಮುಗಿದ ಮೇಲೆ ಕೊನೆಗೆ ಒಂದು ಸಾಲು ತುರುಕಿದ್ದೀಯಲ್ಲ, ‘ಓದುವಾಗ ಎಲ್ಲ ಗೊತ್ತಾಗುತ್ತೆ ದೊಡ್ಡಮ್ಮ, ಪುಸ್ತಕ ಮುಚ್ಚಿದರೆ ಏನೂ ಇರಲ್ಲ, ಫಿಸಿಕ್ಸ್ ನನ್ನ ತಲೆಗೆ ಹತ್ತೋದಲ್ಲ’ ಅಂತ, ಅದು ನನ್ನನ್ನು ಕೂತಲ್ಲಿ ಕೂರೋಕೆ ಬಿಡ್ತಿಲ್ಲ. ನಾನು ಬಿ.ಎಸ್ಸಿ. ಓದುವಾಗ ಇದೇ ಮಾತು ನನ್ನ ಒಳಗೂ ಇತ್ತು. ಹೇಳಿಕೊಳ್ಳೋಕೆ ಯಾರೂ ಸಿಗಲಿಲ್ಲ. ಇಲ್ಲ, ಸಿಕ್ಕಿದ್ದರೂ ಹೇಳ್ತಿರಲಿಲ್ಲವೇನೋ.

1982ರಲ್ಲಿ ನಮ್ಮ ಸಾಲಗಾಮೆ ರಸ್ತೆಯಲ್ಲಿ ಇಸ್ರೋದವರ ಎಂ.ಸಿ.ಎಫ್., ಅಂದರೆ ಉಪಗ್ರಹಗಳನ್ನು ನಿಯಂತ್ರಿಸೋ ಕೇಂದ್ರ, ಶುರುವಾಯಿತು. ಊರ ತುಂಬ ಅದೇ ಮಾತು, ಇನ್ಸಾಟ್ ಉಪಗ್ರಹಕ್ಕೆ ಹಾಸನದಿಂದ ಅಪ್ಪಣೆ ಹೋಗುತ್ತಂತೆ ಅಂತ. ಕ್ಲಾಸಿನಲ್ಲಿ ಕಕ್ಷೆಯ ವೇಗದ ಡೆರಿವೇಶನ್ ನನಗೆ ಬಾಯಿಪಾಠ, ಪೂರ್ತಿ ಅಂಕ ಬರೋದು. ಒಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ತಾತ ‘ಅಷ್ಟು ಮೇಲಿರೋದು ಬೀಳಲ್ಲ ಯಾಕವ್ವ?’ ಅಂದರು. ನಾನು ಸೂತ್ರ ಒದರಿದೆ. ‘ಸರಿ ಬಿಡು’ ಅಂದು ಹೆಮ್ಮೆಯಿಂದ ಮುದ್ದೆ ಮುರಿದರು. ನನಗೇ ಗೊತ್ತಿಲ್ಲ ಅನ್ನೋದು ಅವರಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು.

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ತಾತ ಬೇಡ ಅಂದರು ಅಂತಲೇ ಮನೆಯವರೆಲ್ಲ ಇವತ್ತಿಗೂ ನಂಬಿದ್ದಾರೆ. ಅವರು ಅರ್ಧಮನಸ್ಸಿನಿಂದ ಒಂದು ಮಾತು ಅಂದಿದ್ದು ನಿಜ, ನಾನು ಹಟ ಹಿಡಿದಿದ್ದರೆ ಕಳಿಸ್ತಿದ್ದರು. ಮೈಸೂರಿಗೆ ಹೋದರೆ ನನ್ನ ತಲೆ ಖಾಲಿ ಅನ್ನೋ ಗುಟ್ಟು ರಟ್ಟಾಗುತ್ತೆ ಅಂತ ನಾನೇ ಹೆದರಿದ್ದು. ನಿಮ್ಮಮ್ಮನಿಗೂ ಇದು ಗೊತ್ತಿಲ್ಲ, ಹೇಳಬೇಡ.

ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾ ಹೇಳಿಕೊಡುತ್ತಾ ನನಗೆ ಅರ್ಥವಾಯಿತು. ಉಪಗ್ರಹ ಬೀಳ್ತಾನೇ ಇರುತ್ತೆ ಕಣೇ! ಇನ್ಸಾಟ್ ಇರೋ 36,000 ಕಿ.ಮೀ. ಎತ್ತರದಲ್ಲೂ ಗುರುತ್ವ ಇದೆ, ನೆಲದ ಮೇಲಿರೋದರ ಸುಮಾರು 44ನೇ ಒಂದು ಪಾಲು. ಸೆಕೆಂಡಿಗೆ ಮೂರು ಕಿ.ಮೀ. ವೇಗದಲ್ಲಿ ಪಕ್ಕಕ್ಕೂ ಓಡ್ತಿರೋದರಿಂದ, ಅದು ಎಷ್ಟು ಬೀಳುತ್ತೋ ಅಷ್ಟೇ ಭೂಮಿಯೂ ಬಾಗಿ ಕೆಳಗೆ ಸರಿದಿರುತ್ತೆ. ಇದನ್ನು ತಾತನಿಗೆ ಹೇಳೋ ಹೊತ್ತಿಗೆ ಅವರಿರಲಿಲ್ಲ.

ಈಗ ಹೇಳು, ಆಗ ನನ್ನ ತಲೆ ಬೇರೆ ಇತ್ತೇ? ಅದೇ ತಲೆ. ಅದಕ್ಕೇ ನಿನ್ನ ಸಾಲು ಓದಿ ಸಂಕಟವಾಗಿದ್ದು. ಓದುವಾಗ ‘ಗೊತ್ತಾಗುತ್ತೆ’ ಅನ್ನಿಸೋದೇ ನಮ್ಮನ್ನು ಯಾಮಾರಿಸೋದು. 2006ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರ ಮೇಲೆ ಪರೀಕ್ಷೆ ಮಾಡಿದರು. ಕೆಲವರು ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದರು, ಕೆಲವರು ಓದಿ, ಎತ್ತಿಟ್ಟು, ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ವಾರ ಬಿಟ್ಟು ಕೇಳಿದಾಗ ಬರೆದವರು ಮುಂದು. ಹೆಚ್ಚು ನೆನಪಿರುತ್ತೆ ಅನ್ನೋ ಭರವಸೆ ಮಾತ್ರ ಓದಿದವರಿಗೇ ಜಾಸ್ತಿ ಇತ್ತಂತೆ. ಹಾರ್ವರ್ಡ್‌ನ ಎರಿಕ್ ಮಜೂರ್ ಅನ್ನೋ ಫಿಸಿಕ್ಸ್ ಮೇಷ್ಟ್ರು ಕೂಡ ಕಂಡುಕೊಂಡಿದ್ದು ಇಂಥದ್ದನ್ನೇ: ಕಷ್ಟದ ಲೆಕ್ಕ ಬಿಡಿಸೋ ಹುಡುಗರು ಸೂತ್ರವಿಲ್ಲದ ಸರಳ ಪ್ರಶ್ನೆಗೆ ತಡವರಿಸ್ತಿದ್ದರು. ಅವರ ತಲೆಗೂ ಹತ್ತೋದಲ್ಲ ಅನ್ನೋಣವೇ?

ನಾನೇನು ಕಾಲೇಜು ಮೇಷ್ಟ್ರಲ್ಲ, ನಿನ್ನ ಸಿಲಬಸ್ಸೂ ನೋಡಿಲ್ಲ, ಬುದ್ಧಿ ಹೇಳೋಕೆ ಸಂಕೋಚ. ಆದರೂ, ಪುಟ ತುಂಬ ಹಳದಿ ಬಣ್ಣ ಬಳಿಯೋ ಆ ಪೆನ್ನನ್ನು ಸ್ವಲ್ಪ ಎತ್ತಿಡು. ಒಂದು ಭಾಗ ಓದಿ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನಿನ್ನ ಮಾತಿನಲ್ಲಿ ಬರೆ, ಸೂತ್ರ ಆಮೇಲೆ. ಎಲ್ಲಿ ಪೆನ್ನು ನಿಲ್ಲುತ್ತೋ ಅಲ್ಲಿ ಗುರುತು ಹಾಕಿ, ಅಷ್ಟಕ್ಕೆ ಮಾತ್ರ ಪುಸ್ತಕ ತೆಗೆ. ಮೊದಮೊದಲು ಹಾಳೆ ಬಿಳಿಯಾಗೇ ಉಳಿಯುತ್ತೆ, ಆಗ ಮತ್ತೆ ಅದೇ ಭಯ ಬರುತ್ತೆ, ‘ನನ್ನ ತಲೆಗೆ...’ ಅಂತ. ಬರಲಿ. ಎರಡು ದಿನ ಬಿಟ್ಟು ಅದೇ ಭಾಗ ಇನ್ನೊಂದು ಸಲ ಬರೆ. ಮರೆಯೋಕೆ ಶುರುವಾದ ಮೇಲೆ ಕಷ್ಟಪಟ್ಟು ನೆನೆಸಿಕೊಂಡಿದ್ದು ಚೆನ್ನಾಗಿ ನಿಲ್ಲುತ್ತೆ.

ಲೆಕ್ಕ ಬಿಡಿಸಿದ ಮೇಲೆ ಒಂದನ್ನು ಬದಲಿಸಿ ನೋಡು. ಆ ಉಪಗ್ರಹವನ್ನು 400 ಕಿ.ಮೀ.ಗೆ ಇಳಿಸಿದರೆ ವೇಗ ಹೆಚ್ಚಬೇಕೋ, ತಗ್ಗಬೇಕೋ? ಲೆಕ್ಕ ಹಾಕೋ ಮೊದಲೇ ಊಹಿಸಿ, ಕಾರಣ ಬರೆ. ಬೇರೆ ಬೇರೆ ಅಧ್ಯಾಯದ ಲೆಕ್ಕಗಳನ್ನು ಕಲಸಿ ಮಾಡು ಅಂತಲೂ ಹೇಳ್ತಾರೆ, ಯಾವ ಸೂತ್ರ ಅಂತ ಹುಡುಕೋದೇ ಅರ್ಧ ಕೆಲಸವಂತೆ. ನನಗೆ ಯಾರೂ ಹಾಗೆ ಮಾಡಿಸಲಿಲ್ಲ. ಮೇಷ್ಟ್ರ ಹತ್ತಿರ ಹೋದರೆ ‘ಅರ್ಥವಾಗಲಿಲ್ಲ ಸರ್’ ಅನ್ನಬೇಡ, ಯಾವ ಹೆಜ್ಜೆಯಲ್ಲಿ ನಿಂತೆ ಅಂತ ತೋರಿಸು. ರೂಮಿನವಳಿಗೆ ಹೇಳಿಕೊಡು, ಅವಳು ಆಕಳಿಸಿದರೂ ಬಿಡಬೇಡ. ರಾತ್ರಿಯೆಲ್ಲ ಕೂರಬೇಡ, ಇದನ್ನು ನಿಮ್ಮಮ್ಮನೂ ಹೇಳಿರುತ್ತಾಳೆ.

ಕಾಂಬಿನೇಷನ್ ಬದಲಿಸೋ ಮಾತು ಅಪ್ಪನ ಹತ್ತಿರ ಈ ಸೆಮಿಸ್ಟರ್ ಮುಗಿಯೋವರೆಗೆ ಎತ್ತಬೇಡ, ನಾನೂ ಬಾಯಿ ಬಿಡಲ್ಲ. ನಿಜವಾಗಿ ಬೇರೆ ಓದೋ ಆಸೆಯಿದ್ದರೆ ಬದಲಿಸು, ನಾನೇ ಬಂದು ಅಪ್ಪನಿಗೆ ಹೇಳ್ತೀನಿ. ಹೆದರಿ ಮಾತ್ರ ಬೇಡ.

ಮುಂದಿನ ಕಾಗದದಲ್ಲಿ ಇದಕ್ಕೆ ಉತ್ತರ ಬರೆ: ಸದಾ ಒಂದೇ ಕಡೆ ನಿಂತಂತೆ ಕಾಣೋ ಆ ಉಪಗ್ರಹವನ್ನು ಸರಿಯಾಗಿ ನಮ್ಮ ಹಾಸನದ ನೆತ್ತಿ ಮೇಲೇ ಯಾಕೆ ನಿಲ್ಲಿಸೋಕಾಗಲ್ಲ? ನಮ್ಮ ತಾರಸಿ ಮೇಲಿನ ಡಿಶ್ಶು ದಕ್ಷಿಣಕ್ಕೆ ಮುಖ ಮಾಡಿರೋದು ನೆನಪಿದೆ ತಾನೇ? ಯಾವ ಕಕ್ಷೆಯಾದರೂ ಅದರ ಸಮತಲ ಭೂಮಿಯ ಕೇಂದ್ರದ ಮೂಲಕವೇ ಹೋಗಬೇಕು, ಇಷ್ಟೇ ಸುಳುಹು. ಪುಸ್ತಕ ನೋಡದೆ ಬರೆ, ತಪ್ಪಿದ್ದರೂ ಹಾಗೇ ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ